ರಜೆ ಮುಗಿಯಿತು, ನೆಮ್ಮದಿ ಉಳಿಯಲಿ

ದಸರಾ ರಜೆ ಕಳೆದು ಎಲ್ಲರೂ ಮನೆಗೆ ಮರಳಿದ್ದಾರೆ. ಈ ವಾರ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದೇ ವಿಷಯ: ಅಲ್ಲಿದ್ದ ನಿರಾಳ ಇಲ್ಲಿ ಯಾಕಿಲ್ಲ? ಅವುಗಳಲ್ಲಿ ನಾಲ್ಕು ಪತ್ರಗಳಿಗೆ ನಮ್ಮ ಆಪ್ತಸಮಾಲೋಚಕಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 33 ವರ್ಷ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹೆಂಡತಿಯ ಜೊತೆ ಗೋಕರ್ಣಕ್ಕೆ ಹೋಗಿ ಆರು ದಿನ ಇದ್ದೆ. ಕುಡ್ಲೆಯಿಂದ ಓಂ ಬೀಚಿಗೆ ನಡೆದುಕೊಂಡು ಹೋಗುವುದು, ಹಸಿವಾದಾಗ ಊಟ, ನಿದ್ದೆ ಬಂದಾಗ ನಿದ್ದೆ. ತಲೆ ಹಗುರವಾಗಿತ್ತು. ಭಾನುವಾರ ರಾತ್ರಿ ಬಸ್ಸು ಹತ್ತಿದೆ, ಸೋಮವಾರ ಬೆಳಗ್ಗೆ ಇಳಿದು ಸ್ನಾನ ಮಾಡಿ ಆಫೀಸಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ, ರಜೆಗೆ ಹೋಗಿದ್ದೇ ಸುಳ್ಳೇನೋ ಅನ್ನಿಸಿತು. ಖರ್ಚು ಮಾಡಿದ ದುಡ್ಡೆಲ್ಲ ದಂಡವೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ದಂಡವಲ್ಲ. ನಿಮಗೆ ಆಗಿರುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಸಂಶೋಧಕಿ ಜೆಸ್ಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು ರಜೆ ಹಾಕಿದ ಉದ್ಯೋಗಿಗಳನ್ನು ರಜೆಗೆ ಮೊದಲು, ರಜೆಯ ನಡುವೆ ಮತ್ತು ಮರಳಿದ ಮೇಲೆ ಮಾತನಾಡಿಸಿ ನೋಡಿದ್ದಾರೆ. ರಜೆಯಲ್ಲಿ ಏರಿದ ಲವಲವಿಕೆ ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಹಳೆಯ ಮಟ್ಟಕ್ಕೆ ಇಳಿದಿತ್ತು. ಅದೇ ದೇಶದಲ್ಲಿ 1,530 ಮಂದಿಯನ್ನು ಕುರಿತು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪ್ರವಾಸ ತುಂಬ ನಿರಾಳವಾಗಿತ್ತು ಎಂದವರಲ್ಲಿ ಮಾತ್ರ ಮರಳಿದ ಮೇಲೂ ಸಂತೋಷ ಹೆಚ್ಚಿಗೆ ಕಂಡಿತು. ಪ್ರವಾಸ ಅಷ್ಟು ನಿರಾಳವಾಗಿರದವರಿಗೂ ಮನೆಯಲ್ಲೇ ಇದ್ದವರಿಗೂ ಕೊನೆಗೆ ಹೆಚ್ಚಿನ ವ್ಯತ್ಯಾಸ ಉಳಿಯಲಿಲ್ಲ.

ಹಾಗಾದರೆ ಆ ನಿರಾಳ ಎಲ್ಲಿಂದ ಬರುತ್ತದೆ? ಸಬೀನೆ ಸೊನ್ನೆಂಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ ಎಂಬ ಮನೋವಿಜ್ಞಾನಿಗಳು 2007ರಲ್ಲಿ ನಾಲ್ಕು ಅನುಭವಗಳನ್ನು ಗುರುತಿಸಿದರು. ಕೆಲಸದ ಯೋಚನೆಯಿಂದ ಬಿಡುಗಡೆ, ಮೈಮನಸ್ಸಿನ ವಿಶ್ರಾಂತಿ, ಹೊಸತೇನನ್ನಾದರೂ ಕಲಿಯುವ ಖುಷಿ, ನಮ್ಮ ಹೊತ್ತು ನಮ್ಮ ಕೈಯಲ್ಲೇ ಇರುವುದು. ಗೋಕರ್ಣದಲ್ಲಿ ಇವು ನಿಮಗೆ ಪ್ರಯತ್ನವಿಲ್ಲದೆ ಸಿಕ್ಕವು. ಬೆಂಗಳೂರಿನಲ್ಲಿ ಇವುಗಳಿಗೆ ನೀವೇ ಜಾಗ ಮಾಡಿಕೊಡಬೇಕು. ಹಾಗೆ ಮಾಡಿಕೊಂಡರೆ ಫಲವಿದೆ ಎನ್ನಲು ಆಧಾರವೂ ಉಂಟು. ಜರ್ಮನಿಯ ಶಿಕ್ಷಕರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಜೆಯ ಹುರುಪು ಒಂದು ತಿಂಗಳೊಳಗೆ ಕರಗಿತ್ತು. ಕೆಲಸದ ಒತ್ತಡ ಹೆಚ್ಚಿದ್ದವರಲ್ಲಿ ಅದು ಬೇಗ ಕರಗಿತು, ಬಿಡುವಿನ ಹೊತ್ತಿನಲ್ಲಿ ನಿಜವಾಗಿ ವಿಶ್ರಮಿಸಿದವರಲ್ಲಿ ನಿಧಾನವಾಗಿ.

ಆದ್ದರಿಂದ ಎರಡು ಕೆಲಸ ಮಾಡಿ. ಮೊದಲನೆಯದು, ದಿನವೂ ಆಫೀಸಿನಿಂದ ಏಳುವ ಮುನ್ನ ಉಳಿದ ಕೆಲಸಗಳನ್ನು ಬರೆದಿಡಿ. ಪ್ರತಿಯೊಂದರ ಎದುರು ಅದನ್ನು ಯಾವಾಗ, ಹೇಗೆ ಮಾಡುತ್ತೀರಿ ಎಂಬುದೂ ಇರಲಿ. ಅರ್ಧಕ್ಕೆ ನಿಂತ ಕೆಲಸ ತಲೆಯೊಳಗೆ ಕೊರೆಯುತ್ತಲೇ ಇರುತ್ತದೆ. ಆದರೆ ಅದಕ್ಕೊಂದು ಖಚಿತ ಯೋಜನೆ ಹಾಕಿದರೆ, ಕೆಲಸ ಮುಗಿಯದಿದ್ದರೂ ಕೊರೆತ ನಿಲ್ಲುತ್ತದೆಂದು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ. ಬರೆದಾದ ಮೇಲೆ ಫೋನಿನಲ್ಲಿ ಆಫೀಸಿನ ಮೇಲ್ ಮತ್ತು ಗ್ರೂಪುಗಳ ಸದ್ದು ಆರಿಸಿ. ಎರಡನೆಯದು, ಸಂಜೆ ಒಂದು ಗಂಟೆ ನಿಮ್ಮಿಬ್ಬರದೇ ಆಗಿರಲಿ. ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಬೇಡಿ. ಗೋಕರ್ಣದಲ್ಲಿ ನಿಮಗೆ ಹಿತವಾದದ್ದು ಅದೇ.

ಮುಂದಿನ ಸಲ ಅಲ್ಲಿಂದ ಶನಿವಾರ ರಾತ್ರಿಯೇ ಹೊರಟುಬಿಡಿ. ಏಳು ದಿನ ರಜೆ ಇದ್ದರೆ ಕಡೆಯ ದಿನವನ್ನು ಮನೆಗೆ ಕೊಡಿ. ಕೆಲಸಕ್ಕೆ ಮರಳಿದ ದಿನ ಮಧ್ಯಾಹ್ನದವರೆಗೆ ಮೀಟಿಂಗ್ ಒಪ್ಪಿಕೊಳ್ಳದಿರಿ.

ಪ್ರಶ್ನೆ: ಮೇಡಂ, ನಾನು ಗೃಹಿಣಿ, ನಮ್ಮದು ಕೂಡುಕುಟುಂಬ. ಎಲ್ಲರೂ ಸೇರಿ ಮಡಿಕೇರಿಗೆ ಹೋಗಿ ಹೋಂಸ್ಟೇಯಲ್ಲಿ ಮೂರು ದಿನ ಇದ್ದೆವು. ಬೆಳಗ್ಗೆ ಎದ್ದು ಕೂತರೆ ಕಾಫಿ ಕೈಗೆ ಬರುತ್ತಿತ್ತು. ಇವತ್ತು ತಿಂಡಿಗೆ ಏನು ಮಾಡಲಿ ಅನ್ನುವ ಚಿಂತೆ ಇರಲಿಲ್ಲ. ವಾಪಸ್ ಬಂದ ರಾತ್ರಿಯೇ ಬಟ್ಟೆ ರಾಶಿ, ಖಾಲಿ ಫ್ರಿಜ್ಜು, ಎಲ್ಲರಿಗೂ ಹಸಿವು. ನಮ್ಮನೆಯವರು, ಮೈದುನ, ಮಕ್ಕಳು ಇನ್ನೂ ರಜೆಯ ಗುಂಗಿನಲ್ಲೇ ಇದ್ದಾರೆ, ನನಗೆ ಮಾತ್ರ ಅದು ಬಾಗಿಲು ತೆಗೆದ ಕ್ಷಣವೇ ಹೋಯಿತು. ಸುಸ್ತಾಗಿದೆ ಅಂದರೆ, ಈಗ ತಾನೇ ಸುತ್ತಾಡಿಕೊಂಡು ಬಂದೆಯಲ್ಲ ಅಂತಾರೆ.
– ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಮನಸ್ಸಿನಲ್ಲಿ ಯಾವ ಕೊರತೆಯೂ ಇಲ್ಲ. ಮನೆಯವರ ಗುಂಗು ಉಳಿದಿರುವುದು ನೀವು ಕೆಲಸ ಮಾಡುತ್ತಿರುವುದರಿಂದ. ಮಡಿಕೇರಿಯಲ್ಲಿ ಅವರಿಗೆ ಬೇರೆಯವರು ಬಡಿಸುತ್ತಿದ್ದರು, ಇಲ್ಲಿ ನೀವು ಬಡಿಸುತ್ತಿದ್ದೀರಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಅದೇ ಕೆಲಸದಲ್ಲಿ ಕೈಜೋಡಿಸುವ ಗಂಡಸರು 88 ನಿಮಿಷ. ಈ ಅಂತರ ಇರುವವರೆಗೆ ಧ್ಯಾನ, ಪ್ರಾಣಾಯಾಮ ಮಾಡಿ ಎಂದು ನಿಮಗೆ ಹೇಳುವುದು ಅನ್ಯಾಯ. ನಿಮಗೆ ಬೇಕಿರುವುದು ಕೆಲಸದ ಹಂಚಿಕೆ.

ಕೇಳುವಾಗ "ಸ್ವಲ್ಪ ಸಹಾಯ ಮಾಡಿ" ಎನ್ನಬೇಡಿ. ಸಹಾಯ ಎಂದರೆ ಹೊಣೆ ನಿಮ್ಮಲ್ಲೇ ಉಳಿಯುತ್ತದೆ. ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿಬಿಡಿ. ಭಾನುವಾರದ ತಿಂಡಿ ಯಜಮಾನರದು ಎಂದರೆ, ಏನು ಮಾಡಬೇಕೆಂದು ಯೋಚಿಸುವುದು, ಸಾಮಾನು ತರುವುದು, ಮಾಡುವುದು, ಪಾತ್ರೆ ತೊಳೆಯುವುದು ಎಲ್ಲವೂ ಅವರದೇ. ಉಪ್ಪು ಹೆಚ್ಚಾದರೆ ಆಗಲಿ, ನೀವು ಅಡುಗೆಮನೆಗೆ ಹೋಗಬೇಡಿ. ಪ್ರವಾಸದಿಂದ ಬಂದ ಮೇಲೆ ಅವರವರ ಬ್ಯಾಗು ಅವರವರೇ ಬಿಚ್ಚಲಿ, ಮೆಷಿನ್ನಿಗೆ ಬಟ್ಟೆ ಹಾಕಲು ಒಬ್ಬೊಬ್ಬರಿಗೆ ಒಂದೊಂದು ದಿನ. ಮರಳುವ ರಾತ್ರಿಯ ಊಟ ಹೋಟೆಲಿನಿಂದ ಪಾರ್ಸೆಲ್ ಎಂದು ಹೊರಡುವ ಮೊದಲೇ ತೀರ್ಮಾನವಾಗಿರಲಿ.

ಇದನ್ನು ಹೇಳಲು ಎಲ್ಲರೂ ಕೂತು ಪ್ರವಾಸದ ಫೋಟೊ ನೋಡುವ ಹೊತ್ತು ಒಳ್ಳೆಯದು. "ಮಡಿಕೇರಿಯಲ್ಲಿ ನನಗೆ ಎಲ್ಲಕ್ಕಿಂತ ಹಿತವಾಗಿದ್ದು ಬೆಳಗಿನ ಕಾಫಿ ಕೈಗೆ ಬರ್ತಿದ್ದದ್ದು. ವಾರಕ್ಕೆ ಎರಡು ದಿನ ಮನೇಲೂ ಹಾಗೇ ಬರಲಿ" ಎನ್ನಿ. ಇದರಲ್ಲಿ ದೂರಿಲ್ಲ, ಒಂದು ಸ್ಪಷ್ಟ ಕೋರಿಕೆ ಇದೆ. ಮೊದಲು ಯಜಮಾನರ ಬಳಿ ಒಬ್ಬರೇ ಇದ್ದಾಗ ಹೇಳಿ ಒಪ್ಪಿಸಿಕೊಂಡರೆ ಉಳಿದವರ ಮುಂದೆ ಮಾತು ಸಲೀಸು. ಈ ಪುಟವನ್ನು ಓದುತ್ತಿರುವ ಗಂಡಂದಿರು ಕೇಳಿಸಿಕೊಳ್ಳುವವರೆಗೂ ಕಾಯಬೇಕಿಲ್ಲ, ನಾಳೆ ಬೆಳಗ್ಗೆಯಿಂದಲೇ ಶುರುಮಾಡಬಹುದು.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಮಗನನ್ನು ಕರೆದುಕೊಂಡು ದಾಂಡೇಲಿಗೆ ಹೋಗಿದ್ದೆ. ಗೈಡ್ ಒಬ್ಬರು ಮಂಗಟ್ಟೆ ಹಕ್ಕಿಗಳನ್ನು ತೋರಿಸಿದರು. ಅಷ್ಟು ಹೊತ್ತು ಮೊಬೈಲಿಲ್ಲದೆ ಅಪ್ಪ ಮಗ ಕೂತದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಅವನು ಅವನ ರೂಮು, ನಾನು ಟೀವಿ. ವರ್ಷಕ್ಕೊಮ್ಮೆ ಕಾಡಿಗೆ ಹೋಗಿ ಬರುವುದರಲ್ಲೇ ತೃಪ್ತಿಪಡಬೇಕೆ?
– ಓದುಗ, ಹುಬ್ಬಳ್ಳಿ

ಉತ್ತರ: ಬೇಕಿಲ್ಲ. ನಿಮ್ಮ ಕೈಗೆ ಒಳ್ಳೆಯ ಎಳೆಯೊಂದು ಸಿಕ್ಕಿದೆ, ಬಿಡಬೇಡಿ. ಮೊದಲ ಉತ್ತರದಲ್ಲಿ ಹೇಳಿದ ನಾಲ್ಕು ಅನುಭವಗಳಲ್ಲಿ ಮೂರನೆಯದು, ಹೊಸತನ್ನು ಕಲಿಯುವ ಖುಷಿ, ಮನೆಗೆ ಬಂದ ಮೇಲೆ ಮುಂದುವರಿಸಲು ಎಲ್ಲಕ್ಕಿಂತ ಸುಲಭ. ಉಣಕಲ್ ಕೆರೆಯ ದಂಡೆಯಲ್ಲಿ ಮಂಗಟ್ಟೆ ಕಾಣಲಿಕ್ಕಿಲ್ಲ. ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆಗಳಿಗಾಗಿ ಕಣ್ಣು ಹಾಯಿಸಿ, ಪೊದೆಯ ಸಂದಿಯಲ್ಲಿ ಕೆಂಬೂತವನ್ನು ಹುಡುಕಿ. ಕೂಗು ಕೇಳಿ ಹಕ್ಕಿ ಯಾವುದೆಂದು ಹೇಳುವ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ. ಕಂಡದ್ದನ್ನು ದಾಖಲಿಸಲು ಈಬರ್ಡ್ ಇದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿಗಳ ಗಣತಿಯಲ್ಲಿ ಮಕ್ಕಳೂ ಪಾಲ್ಗೊಳ್ಳಬಹುದು. ಮಗ ಹೆಸರು ಪತ್ತೆಹಚ್ಚಲಿ, ನೀವು ಪುಸ್ತಕದಲ್ಲಿ ಬರೆದುಕೊಳ್ಳಿ. ಅವನು ನಿಮಗೆ ಕಲಿಸುವ ಸಂದರ್ಭ ಬಂದಷ್ಟೂ ನಿಮ್ಮಿಬ್ಬರ ನಂಟು ಗಟ್ಟಿಯಾಗುತ್ತದೆ.

ಹೀಗೆ ಹೊರಗೆ ಎಷ್ಟು ಹೊತ್ತು ಕಳೆಯಬೇಕು ಎಂದು ಕೇಳುವವರಿಗೆ ಒಂದು ಅಂದಾಜು ಕೊಡಬಲ್ಲೆ. ಇಂಗ್ಲೆಂಡಿನ ಸುಮಾರು 20,000 ಮಂದಿಯ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಗಿಡಮರ, ಕೆರೆ, ಕಡಲಿನ ಬಳಿ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದೇ ಹೆಚ್ಚು. ಒಟ್ಟಿಗೆ ಎರಡು ಗಂಟೆ ಕಳೆದರೂ ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಶನಿವಾರ ಒಂದು ಗಂಟೆ, ಭಾನುವಾರ ಒಂದು ಗಂಟೆ ಸಾಕು.

ಪ್ರಶ್ನೆ: ನನ್ನೂರು ತೀರ್ಥಹಳ್ಳಿ ಹತ್ತಿರದ ಹಳ್ಳಿ. ವಯಸ್ಸು 28, ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಖಾಸಗಿ ಕಂಪನಿಗೆ ಹೋಗುತ್ತೇನೆ. ಊರಿಂದ ವಾಪಸ್ ಬಂದಾಗೆಲ್ಲ ಎರಡು ಮೂರು ದಿನ ಬೇಸರ ಇರುತ್ತಿತ್ತು. ಈ ಸಲ ಬಂದು ತಿಂಗಳಾಗುತ್ತಾ ಬಂದರೂ ಹೋಗಿಲ್ಲ. ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಅಮ್ಮನ ಫೋನ್ ಬಂದರೂ ಮಾತು ಬೇಡ ಅನ್ನಿಸುತ್ತದೆ. ಮುಂದಿನ ರಜೆ ಯಾವಾಗ ಎಂದು ಕ್ಯಾಲೆಂಡರ್ ನೋಡುವುದೇ ಕೆಲಸವಾಗಿದೆ.
– ಹೆಸರು ಪ್ರಕಟಿಸಬೇಡಿ

ಉತ್ತರ: ನೀವು ಬರೆದದ್ದು ತುಂಬ ಒಳ್ಳೆಯದಾಯಿತು. ಮೇಲಿನ ಮೂವರಿಗೆ ಕೊಟ್ಟ ಸಲಹೆ ನಿಮಗೆ ಸಾಲದು. ರಜೆ ಮುಗಿದ ಬೇಸರ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಹಸಿವು ಕೆಡುವುದು ಎರಡು ವಾರ ಮೀರಿ ದಿನವೂ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಈ ವಾರವೇ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಎಂಬ ಯೋಚನೆ ಸುಳಿದರಂತೂ ಆ ಗಳಿಗೆಯಲ್ಲೇ ಕರೆ ಮಾಡಿ, ಒಬ್ಬರೇ ಇರಬೇಡಿ. ನೀವಿರುವ ಊರಿನಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಇದೆ, ಅಲ್ಲಿನ ಹೊರರೋಗಿ ವಿಭಾಗಕ್ಕೂ ಹೋಗಬಹುದು. ವೈದ್ಯರು ಹೇಳಿದರೆ ರಕ್ತದ ಹಾಗೂ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅವುಗಳ ಏರುಪೇರೂ ಹೀಗೆ ಕಾಡುವುದುಂಟು. ಅಮ್ಮನಿಗೆ ಎಲ್ಲವನ್ನೂ ಹೇಳಬೇಕಾಗಿಲ್ಲ. "ಹುಷಾರಿಲ್ಲ ಅಮ್ಮ, ಡಾಕ್ಟರ ಹತ್ರ ಹೋಗ್ತಿದ್ದೇನೆ" ಎಂದಷ್ಟು ಹೇಳಿದರೂ ಸಾಕು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಇನ್ನೊಂದು ಕೆಲಸವಿದೆ. ಬೆಂಗಳೂರಿನಲ್ಲಿ ನಿಮ್ಮನ್ನು ಹಿಂಡುತ್ತಿರುವುದು ಯಾವುದು? ಕೆಲಸದ ಅವಧಿಯೇ, ಮೇಲಿನವರ ನಡವಳಿಕೆಯೇ, ಓಡಾಟವೇ, ಒಂಟಿತನವೇ? ಎರಡು ವಾರ ದಿನವೂ ಎರಡು ಸಾಲು ಬರೆದಿಡಿ. ಒಂಟಿತನವಾದರೆ ಪಿ.ಜಿ. ಬದಲಿಸಿ ಗೆಳೆಯರೊಂದಿಗೆ ಮನೆ ಮಾಡಬಹುದು. ಕೆಲಸವೇ ಆದರೆ, ಬೇಸರದ ಭರದಲ್ಲಿ ರಾಜೀನಾಮೆ ಕೊಡದೆ, ಸಮಾಲೋಚಕರ ಜೊತೆ ಕೂತು ಬೇರೆ ಕೆಲಸದ ದಾರಿ ನೋಡಿ. ರಜೆ ದಣಿವನ್ನು ಕಳೆಯಬಲ್ಲದು. ವರ್ಷದ ಉಳಿದ ದಿನಗಳನ್ನೆಲ್ಲ ಬರೀ ಸಹಿಸಿಕೊಂಡು ಕಳೆಯಬೇಕಾದಾಗ ಬದಲಾಗಬೇಕಾದದ್ದು ಆ ದಿನಗಳೇ. ಆದರೆ ಅದು ಮುಂದಿನ ಮಾತು, ಈಗ ಫೋನ್ ಎತ್ತಿಕೊಳ್ಳಿ.