ಎಲ್ಲರ ಅಂಗಳವನ್ನು ರೂಪಿಸುವುದು ಹೇಗೆ?

ಸಮಾಜಶಾಸ್ತ್ರದ ತರಗತಿಯಲ್ಲಿ 'ಉಪಸಂಸ್ಕೃತಿ' ಎಂಬ ಪದ ಬಂದಾಗ ಎರಡು ಅಂಕದ ಪ್ರಶ್ನೆಯೆಂದು ಬರೆದುಕೊಂಡು ಮರೆತಿದ್ದೆ. ಅದು ಮತ್ತೆ ನೆನಪಾದದ್ದು ಗ್ರಂಥಾಲಯದ ಹಿಂದಿನ ಖಾಲಿ ಜಾಗಕ್ಕೆ ನಕ್ಷೆ ತಯಾರಿಸುವ ಕೆಲಸ ನಮ್ಮ ತಂಡಕ್ಕೆ ಬಂದಾಗ. ಆ ಜಾಗಕ್ಕೆ ಹಕ್ಕುದಾರರು ಹಲವರು. ಶಟಲ್ ಆಡುವವರು, ಭಾಷಣ ಅಭ್ಯಾಸ ಮಾಡುವವರು, ಝುಹರ್ ನಮಾಝ್ ಮುಗಿಸಿ ಹತ್ತು ನಿಮಿಷ ಸುಮ್ಮನೆ ಕೂರುವವರು, ನೆರಳು ಹುಡುಕಿ ಓದುವ ಹುಡುಗಿಯರು. ನಾನು ಸುಲಭದ ದಾರಿ ಹಿಡಿದೆ: ನಾಲ್ಕು ಗುಂಪಿಗೆ ನಾಲ್ಕು ಮೂಲೆ, ನಡುವೆ ಮೊಣಕಾಲೆತ್ತರದ ಗೋಡೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು.

ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ನಕ್ಷೆ ನೋಡಿ, "ಅಣ್ಣಾ, ನಮ್ಮ ಮೂಲೆಗೆ ದಾರಿ ಎಲ್ಲಿ? ಶಟಲ್ ಆಡುವವರ ನಡುವಿನಿಂದಲೇ ಹೋಗಬೇಕಲ್ವಾ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಹೀಗಾದರೆ ಅವರು ಅಲ್ಲಿಗೆ ಬರುವುದೇ ಇಲ್ಲ, ಮೂಲೆ ಇದ್ದೂ ಇಲ್ಲದಂತೆ.

ಆಗ ನಮ್ಮ ಉಪನ್ಯಾಸಕರು ಸೂಪರ್‌ಕಿಲೆನ್ ಬಗ್ಗೆ ಓದಲು ಹೇಳಿದರು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ, ಹಲವು ದೇಶಗಳಿಂದ ವಲಸೆ ಬಂದವರು ವಾಸಿಸುವ ನೊರೆಬ್ರೊ ಎಂಬ ಬಡಾವಣೆಯಲ್ಲಿ 2012ರಲ್ಲಿ ತೆರೆದ ಉದ್ಯಾನವಿದು. ಉದ್ದ ಸುಮಾರು 750 ಮೀಟರ್. ವಾಸ್ತುಶಿಲ್ಪಿಗಳಾದ ಬಿಗ್, ಉದ್ಯಾನ ವಿನ್ಯಾಸಕರಾದ ಟೋಪೋಟೆಕ್ 1 ಮತ್ತು ಸೂಪರ್‌ಫ್ಲೆಕ್ಸ್ ಎಂಬ ಕಲಾವಿದರ ತಂಡ ಸೇರಿ ಇದನ್ನು ರೂಪಿಸಿದವು. 2016ರಲ್ಲಿ ಇದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ವಿನ್ಯಾಸಕರು ಅಲ್ಲಿನ ನಿವಾಸಿಗಳನ್ನೇ ಕೇಳಿದರು: ನಿಮ್ಮ ಊರಿನ ಯಾವ ವಸ್ತು ಇಲ್ಲಿರಬೇಕು? ಹಾಗೆ ಮೊರಾಕ್ಕೋದ ಕಾರಂಜಿ, ಇರಾಕಿನ ಉಯ್ಯಾಲೆ, ಥಾಯ್ಲೆಂಡಿನ ಬಾಕ್ಸಿಂಗ್ ಕಣ, ಜಮೈಕಾದ ಧ್ವನಿವರ್ಧಕ ಬಂದವು. ಪ್ಯಾಲೆಸ್ತೀನಿನಿಂದ ಒಂದಿಷ್ಟು ಮಣ್ಣೂ ಬಂತು. (ಇದನ್ನು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.) ಪ್ರತಿಯೊಂದರ ಪಕ್ಕದಲ್ಲೂ ಅದು ಏನು, ಎಲ್ಲಿಯದು ಎಂದು ಡೇನಿಷ್ ಭಾಷೆಯಲ್ಲೂ ಆಯಾ ಊರಿನ ಭಾಷೆಯಲ್ಲೂ ಬರೆದ ಫಲಕವನ್ನು ನೆಲದಲ್ಲಿ ಕೂರಿಸಿದ್ದಾರೆ.

ನೆಲದಲ್ಲೂ ಮೂರು ಬಗೆ. ಆಟಕ್ಕೆ ಕೆಂಪು ನೆಲ, ಹರಟೆಗೆ ಬಿಳಿ ಗೆರೆಗಳೆಳೆದ ಕಪ್ಪು ಡಾಂಬರು, ವಿಹಾರಕ್ಕೆ ಹುಲ್ಲಿನ ದಿಬ್ಬ. ಇವುಗಳ ನಡುವೆ ಗೋಡೆಯಿಲ್ಲ, ಒಂದು ಸೈಕಲ್ ದಾರಿ ಉದ್ಯಾನದ ಉದ್ದಕ್ಕೂ ಸಾಗುತ್ತದೆ. ಕಪ್ಪು ನೆಲದ ಗೆರೆಗಳು ನೇರವಾಗಿ ಬಂದು, ಕಾರಂಜಿಯಂಥ ವಸ್ತು ಎದುರಾದಲ್ಲಿ ಅದನ್ನು ಬಳಸಿ ಮುಂದಕ್ಕೆ ಹೋಗುತ್ತವೆ. ನನ್ನ ನಕ್ಷೆಯಲ್ಲಿ ಇರದಿದ್ದದ್ದು ಇದೇ. ವಸ್ತುಗಳು ಬೇರೆ ಬೇರೆ ಇರಲಿ, ನಡೆಯುವ ದಾರಿ ಎಲ್ಲರಿಗೂ ಒಂದೇ ಇರಬೇಕಿತ್ತು.

ಎಲ್ಲವನ್ನೂ ನಕಲು ಮಾಡಲಾಗದು. ಅಲ್ಲಿನ ಕೆಂಪು ಬಣ್ಣ ಕೆಲವೇ ವರ್ಷಗಳಲ್ಲಿ ಮಾಸಿತು. ನಮ್ಮ ಮಳೆಗಾಲದಲ್ಲಿ ಬಣ್ಣ ಬಳಿದ ನುಣುಪು ಸಿಮೆಂಟಿನ ಮೇಲೆ ಪಾಚಿ ಹಿಡಿದರೆ ಜಾರಿ ಬೀಳುವವರೇ ಹೆಚ್ಚು. ಅಲ್ಲದೆ ಅಷ್ಟೊಂದು ವಸ್ತುಗಳು ಒಟ್ಟಿಗಿದ್ದರೆ ಉದ್ಯಾನ ಪ್ರದರ್ಶನದಂತೆ ಕಾಣದೇ ಎಂಬ ಅನುಮಾನ ನನಗೆ ಇನ್ನೂ ಇದೆ.

ಹೊಸ ನಕ್ಷೆಯಲ್ಲಿ ಮೊದಲು ದಾರಿ ಬಿಡಿಸಿದೆವು. ಗೇಟಿನಿಂದ ಗ್ರಂಥಾಲಯದವರೆಗೆ ಕೆಂಪು ಕಲ್ಲಿನ ಹಾದಿ, ಅದಕ್ಕೆ ತಾಗಿಕೊಂಡು ಕಟ್ಟೆ. ಓದುವವರಿಗೆ ಮರದ ಬುಡ, ಶಟಲ್‌ಗೆ ಹಾದಿಯ ಆಚೆ ಬದಿಯ ಗಟ್ಟಿ ಮಣ್ಣಿನ ನೆಲ. ಈ ಸಲ ಬಿಡಿಸುವ ಮೊದಲೇ ಆ ಹುಡುಗಿಯನ್ನು ಕೇಳಿದ್ದೆವು. ಅವಳು ಕಟ್ಟೆಯನ್ನು ಎರಡು ಅಡಿ ಸರಿಸಲು ಹೇಳಿದಳು, ಮಧ್ಯಾಹ್ನ ಅಲ್ಲಿ ಬಿಸಿಲು ಬೀಳುತ್ತದಂತೆ.