ಮರಳುಬಯಲಿನ ಪೊದೆಗೆಣಸು

ಗೆಣಸಿನ ಕುಲದ ಸಸ್ಯಗಳಲ್ಲಿ ಹೆಚ್ಚಿನವು ನೆಲದ ಮೇಲೆ ಹಬ್ಬುವ ಇಲ್ಲವೆ ಆಸರೆಯನ್ನು ಸುತ್ತಿ ಏರುವ ಬಳ್ಳಿಗಳೆಂಬುದು ರೈತರಿಗೆ ತಿಳಿದ ವಿಷಯ. ಈ ರೂಢಿಗೆ ಹೊರತಾದ ಸಸ್ಯವೊಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುನಾಡಿನಲ್ಲಿ ಉಂಟು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಐಪೊಮಿಯ ಲೆಪ್ಟೊಫಿಲ್ಲ, ಎಂದರೆ ಸಪೂರವಾದ ಎಲೆಯುಳ್ಳದ್ದು, ಎಂದು ಹೆಸರು. ನೆಬ್ರಾಸ್ಕದ ಮರಳುಗುಡ್ಡಗಳೂ ಕೊಲೊರಾಡೊ, ಕ್ಯಾನ್ಸಸ್ ಮೊದಲಾದ ಸೀಮೆಗಳ ಮರಳುನೆಲವೂ ಇದರ ತವರು. ಎರಡು ಮೂರು ಅಡಿ ಎತ್ತರದ ಪೊದೆಯಾಗಿ ನಿಂತು, ಬೇಸಗೆಯಲ್ಲಿ ಆಲಿಕೆಯಾಕಾರದ ನಸುನೇರಳೆ ಹೂಗಳನ್ನು ಬಿಡುತ್ತದೆ. ಬೆಳಗ್ಗೆ ಅರಳಿದ ಹೂವು ಬಿಸಿಲೇರಿದಂತೆ ಮುದುಡುವುದು.

ಇದರ ವಿಶೇಷವೆಲ್ಲ ನೆಲದ ಕೆಳಗಿದೆ. ಪ್ರಾಯದ ಗಿಡದ ತಾಯಿಬೇರು ಮನುಷ್ಯನ ತೊಡೆಗಿಂತಲೂ ದಪ್ಪವಾಗಿ ಊದಿ, ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಳ್ಳುತ್ತದೆ. ಅದರ ಗಾತ್ರವನ್ನು ಕಂಡೇ ಅಲ್ಲಿನ ಜನರು ಇದಕ್ಕೆ 'ಮಣ್ಣಿನ ಮನುಷ್ಯ' ಎಂಬ ಹೆಸರಿಟ್ಟರು. ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಜೆ. ಇ. ವೀವರ್ ಎಂಬ ವಿದ್ವಾಂಸರು ಹುಲ್ಲುಗಾವಲಿನ ಸಸ್ಯಗಳ ಬುಡದಲ್ಲಿ ಕಂದಕ ತೋಡಿ ಬೇರುಗಳನ್ನು ಅಳೆದು, 1919ರಲ್ಲಿ ಆ ವಿವರಗಳನ್ನು ಪ್ರಕಟಿಸಿದರು. ಬಯಲಿನ ಸಸ್ಯಗಳ ಬೇರುಗಳು ಮೇಲಿನ ಗಿಡಕ್ಕಿಂತ ಎಷ್ಟೋ ಪಾಲು ಆಳಕ್ಕೆ ಹೋಗುವುವೆಂದು ಇಂಥ ಅಗೆತದಿಂದಲೇ ನಿಶ್ಚಯವಾಯಿತು. ಷಯೆನ್, ಅರಪಾಹೊ ಮುಂತಾದ ಮೂಲನಿವಾಸಿಗಳು ಆಹಾರವಿಲ್ಲದ ಕಾಲದಲ್ಲಿ ಈ ಬೇರನ್ನು ಸುಟ್ಟು ತಿನ್ನುತ್ತಿದ್ದರು. ಎಳೆಯ ಬೇರೇ ಇದಕ್ಕೆ ಯೋಗ್ಯವಾದುದು. ಆದರೆ ನಮ್ಮ ಗೆಣಸಿನ ರುಚಿಯನ್ನು ಇದರಲ್ಲಿ ಯಾರೂ ನಿರೀಕ್ಷಿಸಬೇಕಾಗಿಲ್ಲ.

ಎಲೆಯ ತೊಟ್ಟಿನಲ್ಲಿಯೂ ಹೂವಿನ ಪುಷ್ಪಪಾತ್ರೆಯಲ್ಲಿಯೂ ಸಿಹಿರಸ ಸ್ರವಿಸುವ ಗ್ರಂಥಿಗಳಿವೆ. ಅದಕ್ಕಾಗಿ ಬರುವ ಇರುವೆಗಳು ಹೂವನ್ನು ಕಡಿಯುವ ಮಿಡತೆಗಳನ್ನೂ ಬೀಜ ಕೊರೆಯುವ ಹುಳುಗಳನ್ನೂ ಓಡಿಸುವುವೆಂದು 1980ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಿಂದ ತಿಳಿದುಬಂತು. ಇರುವೆಯನ್ನು ಕಂಡಲ್ಲೆಲ್ಲ ಪೀಡೆಯೆಂದು ಎಣಿಸುವುದು ತರವಲ್ಲ.

ದಕ್ಷಿಣದ ಬಯಲುಗಳಲ್ಲಿ ರೈತರು ಹುಲ್ಲುನೆಲವನ್ನು ಉತ್ತು ಗೋಧಿ ಬಿತ್ತಿದರು. 1931ರಿಂದ ಮಳೆ ತಪ್ಪಿ ಪೈರು ಒಣಗಿತು. ಬೋಳುನೆಲದ ಮಣ್ಣನ್ನು ಗಾಳಿಯು ಹೊತ್ತೊಯ್ದಿತು. 1935ನೆಯ ಏಪ್ರಿಲ್ 14ರಂದು ಎದ್ದ ಧೂಳಿನ ಮೋಡವು ಹಗಲನ್ನೇ ಕತ್ತಲಾಗಿಸಿತು. ಸಾವಿರಾರು ಸಂಸಾರಗಳು ಊರು ಬಿಟ್ಟುವು. ಪೊದೆಗೆಣಸೊಂದೇ ಇದ್ದಿದ್ದರೆ ಮಣ್ಣು ಉಳಿಯುತ್ತಿತ್ತೆಂದು ಹೇಳಲಾಗದು; ಮೇಲ್ಮಣ್ಣನ್ನು ಹಿಡಿಯುವುದು ಹುಲ್ಲಿನ ಕೆಲಸ. ಹುಲ್ಲಿಗೆ ಎಟುಕದ ಆಳದ ತೇವವನ್ನು ಬಳಸಿ, ಬರದಲ್ಲಿಯೂ ಹಸುರಾಗಿರುವುದು ಇದರ ಪಾಲಿನದು. ಎರಡನ್ನೂ ನೇಗಿಲು ಒಟ್ಟಿಗೆ ಕಿತ್ತಿತು.

ಬೀಜದ ಸಿಪ್ಪೆ ಬಹು ಗಟ್ಟಿ. ಗೀರಿ ನೆನೆಯಿಸಿದರೆ ಮೊಳಕೆ ಬೇಗ ಬರುವುದು. ತಾಯಿಬೇರು ಮುರಿದರೆ ಗಿಡ ಚೇತರಿಸದಾದ್ದರಿಂದ ಸಸಿಯನ್ನು ಕಿತ್ತು ನಡದೆ, ನಿಲ್ಲಬೇಕಾದ ಸ್ಥಳದಲ್ಲಿಯೇ ಬಿತ್ತತಕ್ಕದ್ದು.