ಹುಕ್ಕಿನ ಸಪ್ಪಳ: ಗ್ರೀಸಿನಿಂದ ಹೋಗುವುದೆಷ್ಟು, ಹೋಗದಿರುವುದೆಷ್ಟು

ಈ ಸಲದ ಪಾಠಕ್ಕೆ ಟ್ರ್ಯಾಕ್ಟರಿನ ಹಿಂದಿನ ಹುಕ್ಕನ್ನು ತಗೊಂಡಿದ್ದೇವೆ. ಕಡಲೆ, ಮೆಣಸಿನಕಾಯಿ ಸುಗ್ಗಿಯಲ್ಲಿ ಅಣ್ಣಿಗೇರಿ, ಕುಂದಗೋಳ, ನವಲಗುಂದದ ಯಾವ ಹಳ್ಳಿಯಲ್ಲಿ ಮಲಗಿದರೂ ನಸುಕಿನಲ್ಲಿ ಕೇಳುವುದು ಇದೇ ಸಪ್ಪಳ. ಹೊರಳುವಾಗ "ಕಿರ್‍ರ್", ಬ್ರೇಕ್ ಹಾಕಿದಾಗ "ಧಡ್", ಖಾಲಿ ಬರುವಾಗ "ಗಡಗಡ". ಗ್ಯಾರೇಜಿನಲ್ಲಿ ನಡೆಯುವ ಮಾತೂ ನಮಗೆಲ್ಲ ಗೊತ್ತಿರುವುದೇ:

"ಯಣ್ಣಾ, ನಿನ್ನೆನ ಗ್ರೀಸ್ ಹಚ್ಚೇನಿ, ಆದ್ರೂ ಸಪ್ಪಳ ನಿಂದ್ರವಲ್ದು."

"ತಮ್ಮಾ, ಗ್ರೀಸ್ ಹಚ್ಚಿದ್ರ ಸವದದ್ದು ತುಂಬತೈತೇನು? ಪಿನ್ ತಗದು ನೋಡು ಮೊದಲ."

ಈ ಎರಡು ಸಾಲಿನಲ್ಲಿ ಇಡೀ ಪಾಠ ಇದೆ. ಗ್ರೀಸ್ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಸಡಿಲವನ್ನು ತುಂಬುವುದಿಲ್ಲ, ತಪ್ಪಾಗಿ ಹೇರಿದ ಭಾರವನ್ನು ಸರಿಮಾಡುವುದಿಲ್ಲ. ಆದ್ದರಿಂದ ಸಪ್ಪಳ ನಿಲ್ಲಿಸುವ ಮೊದಲು ಅದು ಯಾವ ಸಪ್ಪಳ ಅಂತ ತಿಳಿಯಬೇಕು.

ಜೋಡಣೆ ಹೇಗಿದೆ

ಟ್ರ್ಯಾಕ್ಟರಿನ ಹಿಂದೆ ಎರಡು ದಪ್ಪ ಪ್ಲೇಟು. ಅವುಗಳ ನಡುವೆ ಟ್ರೇಲರಿನ ಮೂಕಿಯ ತುದಿಯ ಉಂಗುರ. ಮೂರನ್ನೂ ಪೋಣಿಸುವುದು ಒಂದು ಪಿನ್. ಪಿನ್ ಮೇಲೇಳದಂತೆ ಕೆಳಗೆ ಒಂದು ಲಾಕ್. ಬಂಡಿಯ ಗಾಲಿಗೆ ಕಡೆಗೀಲು ಇದ್ದ ಹಾಗೆ. ಉಂಗುರ ಮೂರು ಕಡೆ ಆಡಬೇಕು: ಹೊರಳುವಾಗ ಅಡ್ಡ, ತಗ್ಗು ದಿನ್ನೆಯಲ್ಲಿ ಮೇಲೆ ಕೆಳಗೆ, ಒಂದು ಗಾಲಿ ತಗ್ಗಿಗೆ ಇಳಿದಾಗ ಓರೆ. ಆಡಲು ಸ್ವಲ್ಪ ಸಡಿಲ ಬೇಕೇಬೇಕು. ಆ ಸಡಿಲ ಎಷ್ಟು ಅನ್ನುವುದೇ ಪ್ರಶ್ನೆ.

ಒಂದನೆಯ ಸಪ್ಪಳ: ಕಿರ್‍ರ್

ಇದು ಒಣ ಕಬ್ಬಿಣದ ಸಪ್ಪಳ. ನಿಂತ ಮೇಲ್ಮೈಗಳ ಘರ್ಷಣೆ ಹೆಚ್ಚು, ಜಾರುವ ಮೇಲ್ಮೈಗಳ ಘರ್ಷಣೆ ಕಡಿಮೆ ಅಂತ ಮೊದಲ ವರ್ಷದಲ್ಲಿ ಓದಿದ್ದೇವೆ. ಹುಕ್ ಹೊರಳುವಾಗ ಉಂಗುರ ಹಿಡಿಯುತ್ತದೆ, ಒಮ್ಮೆಲೇ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಕಬ್ಬಿಣವೇ ಕೂಗುತ್ತದೆ. ಇಂಗ್ಲಿಷ್ ಪುಸ್ತಕದ ಸ್ಟಿಕ್-ಸ್ಲಿಪ್ ಅಂದರೆ ಇದೇ. ಇದಕ್ಕೆ ಔಷಧ ಗ್ರೀಸ್.

ಆದರೆ ಇಲ್ಲಿ ಬೇರಿಂಗಿನ ಹಾಗೆ ವೇಗವಾಗಿ ತಿರುಗುವ ಭಾಗ ಇಲ್ಲ. ತಿರುಗುವುದು ನಿಧಾನ, ಒತ್ತಡ ಮಾತ್ರ ಭಾರಿ. ಎಣ್ಣೆಯ ಪದರ ಪೂರ್ತಿ ತೇಲಿಸಿ ಹಿಡಿಯಲಾರದು. ಕಬ್ಬಿಣ ಕಬ್ಬಿಣಕ್ಕೆ ಅಲ್ಲಲ್ಲಿ ತಾಗುತ್ತದೆ. ಅದಕ್ಕೇ ತೆಳು ಎಣ್ಣೆ ಇಲ್ಲಿ ಉಳಿಯುವುದಿಲ್ಲ. ಲಿಥಿಯಂ ಗ್ರೀಸ್, ಅದರಲ್ಲೂ ಭಾರಿ ಒತ್ತಡಕ್ಕೆ ಅಂತ ಇರುವ ಇ.ಪಿ. ಗ್ರೀಸ್ ಒಳ್ಳೆಯದು. ಮಾಲಿಬ್ಡಿನಂ ಡೈಸಲ್ಫೈಡ್ ಸೇರಿಸಿದ ಕಪ್ಪು ಗ್ರೀಸ್ ಸಿಕ್ಕರೆ ಇನ್ನೂ ಚಲೋ. ಅದರ ಕಣಗಳು ಇಸ್ಪೀಟ್ ಎಲೆಗಳ ಹಾಗೆ ಪದರ ಪದರವಾಗಿ ಜಾರುತ್ತವೆ. ಎಣ್ಣೆ ಹಿಂಡಿ ಹೋದರೂ ಅವು ಉಳಿಯುತ್ತವೆ.

ಡಬ್ಬಿಯ ಮೇಲಿನ 2, 3 ಅನ್ನುವ ಎನ್‌ಎಲ್‌ಜಿಐ ಅಂಕಿ ಗಟ್ಟಿತನದ್ದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೋಹದ ಶಂಕು 5 ಸೆಕೆಂಡಿನಲ್ಲಿ ಗ್ರೀಸಿನೊಳಗೆ ಎಷ್ಟು ಇಳಿಯುತ್ತದೆ ಅಂತ ಅಳೆಯುತ್ತಾರೆ. 26.5ರಿಂದ 29.5 ಮಿ.ಮೀ. ಇಳಿದರೆ ಅದು 2ನೇ ನಂಬರ್, 22ರಿಂದ 25 ಮಿ.ಮೀ. ಇಳಿದರೆ 3ನೇ ನಂಬರ್. ನಂಬರ್ ಹೆಚ್ಚಾದಷ್ಟೂ ಗ್ರೀಸ್ ಗಟ್ಟಿ. ಹುಕ್ಕಿಗೆ ಎರಡೂ ನಡೆಯುತ್ತವೆ.

ಬಂಡಿಯ ಎಣ್ಣೆ ಎಲ್ಲೂ ಹೋಗಿಲ್ಲ

ಅಜ್ಜನ ಕಾಲದಲ್ಲಿ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಮಂದ ಎಣ್ಣೆ ಅದು. ಔಡಲ ಎಣ್ಣೆಯೇ ಯಾಕೆ? ಅದರ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ರಿಸಿನೊಲೆಯಿಕ್ ಆಮ್ಲ. ಅದರ ಉದ್ದ ಸರಪಳಿಯ ನಡುವೆ ಒಂದು ಹೈಡ್ರಾಕ್ಸಿಲ್ ಗುಂಪು ಇದೆ. ಅದರಿಂದಲೇ ಈ ಎಣ್ಣೆ ಬೇರೆ ಎಣ್ಣೆಗಳಿಗಿಂತ ಮಂದ, ಲೋಹಕ್ಕೆ ಅಂಟಿಕೊಳ್ಳುವ ಗುಣವೂ ಹೆಚ್ಚು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳಿಗೂ ಔಡಲ ಎಣ್ಣೆಯನ್ನೇ ಹಾಕುತ್ತಿದ್ದರು.

ಇನ್ನೊಂದು ಮಾತು. ಇವತ್ತಿನ ಲಿಥಿಯಂ ಗ್ರೀಸಿಗೆ ಗಟ್ಟಿತನ ಕೊಡುವ ಸಾಬೂನು ಹೆಚ್ಚಾಗಿ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲದ್ದು. ಆ ಆಮ್ಲವನ್ನು ತೆಗೆಯುವುದು ಔಡಲ ಎಣ್ಣೆಗೆ ಹೈಡ್ರೋಜನ್ ಕೂಡಿಸಿ. ಚಕ್ಕಡಿ ಮೂಲೆ ಸೇರಿತು, ಔಡಲ ಮಾತ್ರ ಗ್ರೀಸ್ ಗನ್ನಿನೊಳಗೆ ಕೂತಿದೆ.

ಎರಡನೆಯ ಸಪ್ಪಳ: ಧಡ್

ಇದು ಸಡಿಲದ ಸಪ್ಪಳ. ಹೊಸದಾಗಿ ಪಿನ್ 25 ಮಿ.ಮೀ., ಉಂಗುರದ ತೂತು 27 ಮಿ.ಮೀ. ಇತ್ತು ಅನ್ನೋಣ. ಕೆಲವು ಸುಗ್ಗಿ ಕಳೆದ ಮೇಲೆ ಪಿನ್ 22, ತೂತು 29 ಆದರೆ ಆಟ 2ರಿಂದ 7 ಮಿ.ಮೀ.ಗೆ ಏರಿತು. ಬ್ರೇಕ್ ಹಾಕಿದಾಗ ಟ್ರ್ಯಾಕ್ಟರ್ ನಿಧಾನವಾಗುತ್ತದೆ. ಬ್ರೇಕ್ ಇಲ್ಲದ ಟ್ರೇಲರ್ ಆ 7 ಮಿ.ಮೀ. ಓಡಿಬಂದು ಗುದ್ದುತ್ತದೆ.

ಲೆಕ್ಕ ಮಾಡೋಣ. ಟ್ರ್ಯಾಕ್ಟರ್ 2000 ಕಿಲೋ, ಟ್ರೇಲರ್ ಮಾಲು ಸೇರಿ 5000 ಕಿಲೋ. ಒಂದಕ್ಕೊಂದು ಗುದ್ದುವಾಗ ಲೆಕ್ಕಕ್ಕೆ ಬರುವ ರೆಡ್ಯೂಸ್ಡ್ ಮಾಸ್ ಸುಮಾರು 1430 ಕಿಲೋ. ಇಬ್ಬರ ನಡುವಿನ ವೇಗ ಬದಲಾವಣೆ ಸೆಕೆಂಡಿಗೆ 1 ಮೀಟರ್ ಪ್ರತಿ ಸೆಕೆಂಡ್ ಇದ್ದರೆ ಗುದ್ದಿನ ಶಕ್ತಿ 1430 × 1 × 0.007, ಅಂದರೆ 10 ಜೌಲ್. ಎರಡು ಕಿಲೋ ಸುತ್ತಿಗೆಯನ್ನು ಅರ್ಧ ಮೀಟರ್ ಮೇಲಿಂದ ಪಿನ್ನಿನ ಮೇಲೆ ಬಿಟ್ಟ ಹಾಗೆ. ಆಟ 2 ಮಿ.ಮೀ. ಇದ್ದಾಗ ಇದೇ ಶಕ್ತಿ 3 ಜೌಲ್ ಕೂಡ ಇರಲಿಲ್ಲ. ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಮುಟ್ಟುವುದರೊಳಗೆ ಎಷ್ಟು ಸಲ ಬ್ರೇಕ್, ಎಷ್ಟು ಹಂಪ್? ಪ್ರತಿ ಸಲವೂ ಒಂದು ಸುತ್ತಿಗೆ ಏಟು. ಸಡಿಲ ಇದ್ದಷ್ಟೂ ಏಟು ಜೋರು, ಏಟು ಜೋರಾದಷ್ಟೂ ಸಡಿಲ ಹೆಚ್ಚು.

ಪಿನ್ನಿನ ಬಲವನ್ನೂ ನೋಡ್ರಿ. ಕತ್ತರಿಸುವ ಬಲ ತಡೆಯುವ ಶಕ್ತಿ ವ್ಯಾಸದ ವರ್ಗದ ಮೇಲೆ ಹೋಗುತ್ತದೆ. 25ರಿಂದ 22ಕ್ಕೆ ಇಳಿದರೆ ಶೇ. 23 ಹೋಯಿತು. ಬಾಗುವ ಬಲ ತಡೆಯುವ ಶಕ್ತಿ ಘನದ ಮೇಲೆ ಹೋಗುತ್ತದೆ, ಶೇ. 32 ಹೋಯಿತು. ಮೂರು ಮಿ.ಮೀ. ಸವೆತಕ್ಕೆ ಬಲದ ಮೂರನೇ ಒಂದು ಪಾಲು! ಇಂಥ ಪಿನ್ನಿಗೆ ಗ್ರೀಸ್ ಮೆತ್ತಿದರೆ ಒಂದೆರಡು ದಿನ "ಧಡ್" ಹೋಗಿ "ದಬ್" ಆಗುತ್ತದೆ, ಅಷ್ಟೇ. ಸಪ್ಪಳ ತಗ್ಗಿತು, ಅಪಾಯ ಅಲ್ಲೇ ಇದೆ. ಇಲ್ಲಿ ಬೇಕಾದದ್ದು ಹೊಸ ಪಿನ್, ತೂತಿಗೆ ಹೊಸ ಬುಶ್, ಉಂಗುರ ತೀರಾ ಸವೆದಿದ್ದರೆ ಹೊಸ ಉಂಗುರ. ಪಿನ್ ಬದಲು ಕಟ್ಟಡದ ಸಳಿ ತುಂಡು ಅಥವಾ ಸಿಕ್ಕ ಬೋಲ್ಟ್ ಹಾಕುವ ರೂಢಿ ಬಿಡಲೇಬೇಕು.

ಮೂರನೆಯ ಸಪ್ಪಳ: ಗಡಗಡ

ಇದು ಭಾರದ ಹಂಚಿಕೆಯ ಸಪ್ಪಳ. ಎರಡು ಗಾಲಿಯ ಟ್ರೇಲರ್ ಅಂದರೆ ತಕ್ಕಡಿ. ಅಚ್ಚು ಅದರ ನಡು. ಮಾಲಿನ ಭಾರಕೇಂದ್ರ ಅಚ್ಚಿಗಿಂತ ಮುಂದಿದ್ದರೆ ಮೂಕಿ ಹುಕ್ಕನ್ನು ಕೆಳಗೆ ಒತ್ತುತ್ತದೆ, ಹಿಂದಿದ್ದರೆ ಮೇಲೆ ಎತ್ತುತ್ತದೆ. ಸರಿಯಾಗಿ ಅಚ್ಚಿನ ಮೇಲೇ ಇದ್ದರೆ ಪ್ರತಿ ತಗ್ಗಿಗೂ ಒಮ್ಮೆ ಒತ್ತಿ ಒಮ್ಮೆ ಎತ್ತಿ ಉಂಗುರ ಎರಡು ಪ್ಲೇಟಿನ ನಡುವೆ ಕುಣಿಯುತ್ತದೆ. ಖಾಲಿ ಟ್ರೇಲರಿನ ಸದ್ದು ಹೆಚ್ಚಾಗಿ ಇದೇ.

ಹುಕ್ಕಿನಿಂದ ಅಚ್ಚಿಗೆ 3.5 ಮೀಟರ್, ಭಾರಕೇಂದ್ರ ಅಚ್ಚಿನಿಂದ 0.4 ಮೀಟರ್ ಮುಂದೆ, ಒಟ್ಟು 5000 ಕಿಲೋ ಇದ್ದರೆ ಹುಕ್ಕಿನ ಮೇಲೆ ಬೀಳುವ ಭಾರ 5000 × 0.4 ÷ 3.5, ಸುಮಾರು 570 ಕಿಲೋ. 50 ಕಿಲೋದ ಹತ್ತೇ ಚೀಲ ಎರಡು ಮೀಟರ್ ಹಿಂದಕ್ಕೆ ಸರಿಸಿ, ಭಾರಕೇಂದ್ರ 0.2 ಮೀಟರ್ ಹಿಂದೆ ಬಂದು ಹುಕ್ಕಿನ ಭಾರ ಅರ್ಧಕ್ಕೆ, 285 ಕಿಲೋಗೆ ಇಳಿಯುತ್ತದೆ.

ಹಾಗಂತ ಎಲ್ಲ ಚೀಲ ಮುಂದೆ ಒಟ್ಟುವಂತಿಲ್ಲ. ಹುಕ್ ಹಿಂದಿನ ಅಚ್ಚಿಗಿಂತ 0.6 ಮೀಟರ್ ಹಿಂದಿದೆ, ಎರಡು ಅಚ್ಚಿನ ನಡುವೆ 1.9 ಮೀಟರ್ ಇದೆ ಅನ್ನಿ. ಆ 570 ಕಿಲೋ ಟ್ರ್ಯಾಕ್ಟರಿನ ಮುಂದಿನ ಗಾಲಿಯಿಂದ 180 ಕಿಲೋ ಎತ್ತುತ್ತದೆ. ಮಳೆಗಾಲದ ಎರಿ ಮಣ್ಣಿನಲ್ಲಿ ಗಾಲಿ ಹೂತು 1000 ಕಿಲೋ ಬಲದಿಂದ ಎಳೆಯಬೇಕಾದರೆ, 0.45 ಮೀಟರ್ ಎತ್ತರದ ಹುಕ್ಕಿನಿಂದ ಇನ್ನೂ 237 ಕಿಲೋ ಹೋಗುತ್ತದೆ. ಮುಂದೆ ಇದ್ದದ್ದು 800 ಕಿಲೋ ಆದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಸ್ಟೀರಿಂಗ್ ಹಗುರಾಗಿ, ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗುವುದಿಲ್ಲ. ಕಲಘಟಗಿ ಕಡೆಯ ಏರಿನಲ್ಲಿ ಇದೇ ಲೆಕ್ಕ ಇನ್ನೂ ಬಿಗಿ. ಹುಕ್ಕನ್ನು ಎತ್ತರದ ಕೊಂಡಿಗೆ ಏರಿಸಿದರೆ ಎಳೆತದಿಂದ ಹೋಗುವ ಪಾಲು ಅದೇ ಪ್ರಮಾಣದಲ್ಲಿ ಏರುತ್ತದೆ. ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಹೀಗೇ. ಮುಂದೆ ಕಬ್ಬಿಣದ ವೇಟ್ ಕಟ್ಟುವುದು ಈ ಕೊರತೆ ತುಂಬಲಿಕ್ಕೆ.

ನಾಲ್ಕು ಗಾಲಿಯ ಟ್ರೇಲರಿಗೆ ಮೂಕಿಯ ಭಾರದ ಈ ಲೆಕ್ಕ ಬರುವುದಿಲ್ಲ. ಅಲ್ಲಿ ಕಿರ್‍ರ್ ಅನ್ನುವುದು ಹೆಚ್ಚಾಗಿ ಮುಂದಿನ ಟರ್ನ್‌ಟೇಬಲ್. ಗ್ರೀಸ್ ಅಲ್ಲಿಗೆ ಬೇಕು.

ಅಮೆರಿಕದ ಹುಕ್ಕಿನಿಂದ ಕಲಿಯುವುದು

ಕಾರಿನ ಹಿಂದೆ ಮನೆಯಂಥ ಟ್ರೇಲರ್ ಎಳೆಯುವ ಅಮೆರಿಕದಲ್ಲಿ ಇದೇ ತೊಂದರೆಗೆ ವೇಟ್ ಡಿಸ್ಟ್ರಿಬ್ಯೂಶನ್ ಹಿಚ್ ಬಳಸುತ್ತಾರೆ. ಹುಕ್ಕಿನಿಂದ ಎರಡು ಸ್ಪ್ರಿಂಗ್ ಸಲಾಕೆ ಹಿಂದಕ್ಕೆ ಚಾಚಿ ಟ್ರೇಲರಿನ ಮೂಕಿಗೆ ಬಿಗಿಯುತ್ತಾರೆ. ಅವು ಸನ್ನೆಗೋಲಿನ ಹಾಗೆ ಕೆಲಸಮಾಡಿ, ಹಿಂದಿನ ಅಚ್ಚಿನ ಭಾರದಲ್ಲಿ ಸ್ವಲ್ಪ ಕಾರಿನ ಮುಂದಿನ ಅಚ್ಚಿಗೂ ಸ್ವಲ್ಪ ಟ್ರೇಲರಿನ ಅಚ್ಚಿಗೂ ಹಂಚುತ್ತವೆ. ಸಲಾಕೆಯ ಬುಡದಲ್ಲಿ ಒತ್ತಡ ಸದಾ ಇರುವುದರಿಂದ ಹೊರಳುವಾಗ ಆ ಹುಕ್ ಜೋರಾಗಿ ಕಿರುಗುಟ್ಟುತ್ತದೆ. ಗುಂಡಿಗೆ, ಸಲಾಕೆ ಕೂರುವ ಗೂಡಿಗೆ ಗ್ರೀಸ್ ಹಚ್ಚುತ್ತಾರೆ.

ಆದರೆ ಎಲ್ಲ ಕಡೆ ಅಲ್ಲ. ಟ್ರೇಲರ್ ಅತ್ತಿತ್ತ ಬಾಲ ಅಲ್ಲಾಡಿಸದಂತೆ ಘರ್ಷಣೆಯಿಂದಲೇ ತಡೆಯುವ ಪ್ಯಾಡುಗಳು ಕೆಲವು ಹಿಚ್‌ಗಳಲ್ಲಿ ಇರುತ್ತವೆ. ಅವಕ್ಕೆ ಗ್ರೀಸ್ ತಾಗಿದರೆ ಬ್ರೇಕಿಗೆ ಎಣ್ಣೆ ಹಾಕಿದ ಹಾಗೆ. ಯುರೋಪಿನಲ್ಲಿ ಇಂಥ ಪ್ಯಾಡುಗಳು ಗುಂಡನ್ನೇ ಹಿಡಿಯುವ ಕಪ್ಲಿಂಗ್ ಇದೆ. ಅಲ್ಲಿ ಗುಂಡು ಪೂರ್ತಿ ಒಣಗಿರಬೇಕು. ಸಪ್ಪಳ ಬಂತು ಅಂತ ಕಂಡಲ್ಲೆಲ್ಲ ಗ್ರೀಸ್ ಒತ್ತಬಾರದು ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮಾಡುವ ಕ್ರಮ

1. ಸಪಾಟು ನೆಲದಲ್ಲಿ ನಿಲ್ಲಿಸಿ, ಟ್ರೇಲರ್ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಎಂಜಿನ್ ಬಂದ್ ಮಾಡಿ, ಬ್ರೇಕ್ ಹಾಕಿ. ಮೂಕಿಗೆ ಗಟ್ಟಿ ಆಧಾರ ಕೊಡಿ. ಎಂಜಿನ್ ಚಾಲೂ ಇರುವಾಗ ಟ್ರ್ಯಾಕ್ಟರ್, ಟ್ರೇಲರ್ ನಡುವೆ ಯಾರೂ ನಿಲ್ಲಬಾರದು.

2. ಪಿನ್ ತೆಗೆದು ಹಳೆಯ ಗ್ರೀಸನ್ನು ಅರಿಬಿಯಿಂದ ಪೂರ್ತಿ ಒರೆಸಿ. ಧೂಳು ಕೂಡಿದ ಗ್ರೀಸ್ ಅರದಂತೆ ಅರೆಯುತ್ತದೆ. ಅದರ ಮೇಲೆ ಹೊಸದು ಹಚ್ಚಿದರೆ ಅರಕ್ಕೆ ಎಣ್ಣೆ ಕೊಟ್ಟ ಹಾಗೆ.

3. ವರ್ನಿಯರಿನಿಂದ ಪಿನ್ನನ್ನು ಸವೆಯದ ತುದಿಯಲ್ಲಿ ಒಮ್ಮೆ, ಉಂಗುರ ತಾಗುವ ನಡುಭಾಗದಲ್ಲಿ ಒಮ್ಮೆ ಅಳೆಯಿರಿ. ಉಂಗುರದ ದಪ್ಪವನ್ನೂ ನೋಡಿ. ಕೂದಲೆಳೆಯಷ್ಟು ಸೀಳು ಕಂಡರೂ ಬದಲಿಸಿ.

4. ಪಿನ್ನಿನ ಸುತ್ತ, ಉಂಗುರದ ಒಳಮೈಗೆ, ಪ್ಲೇಟು ತಾಗುವ ಎರಡು ಮುಖಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ. ಹೊರಗೆ ಉಕ್ಕಿದ್ದನ್ನು ಒರೆಸಿ. ಎಂಜಿನ್ನಿನಿಂದ ತೆಗೆದ ಕರಿ ಆಯಿಲ್ ಬೇಡ. ತೆಳು, ಲೋಹದ ಪುಡಿ ಇರುತ್ತದೆ, ಚರ್ಮಕ್ಕೂ ಕೆಟ್ಟದ್ದು.

5. ಲಾಕ್ ಹಾಕಿ, ಜೊತೆಗೆ ಸುರಕ್ಷತೆಯ ಸರಪಳಿ ಹಾಕಿ. ಸುಗ್ಗಿಯಲ್ಲಿ ವಾರಕ್ಕೊಮ್ಮೆ, ಹಳ್ಳ ದಾಟಿ ಬಂದ ದಿನ ಅಂದೇ ಮತ್ತೊಮ್ಮೆ ಒರೆಸಿ ಹಚ್ಚಿ.

ಟ್ರೇಲರ್ ಇರುವುದು ಮಾಲಿಗೆ, ಜನರಿಗಲ್ಲ. ಆದರೂ ಮೆಣಸಿನಕಾಯಿ ಬಿಡಿಸಲು ಹೋಗುವ ಅವ್ವಂದಿರು, ಅಕ್ಕಂದಿರು, ಯಮನೂರ ಜಾತ್ರೆಗೆ ಹೊರಟ ಮಂದಿ ಅದರಲ್ಲೇ ಕೂತು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅಷ್ಟೂ ಜನ ಆ ಒಂದು ಪಿನ್ನಿನ ಮೇಲೆ ಇರುತ್ತಾರೆ. ರಜೆಗೆ ಊರಿಗೆ ಹೋಗುವಾಗ ಲ್ಯಾಬಿನ ಅನುಮತಿ ಪಡೆದು ಒಂದು ವರ್ನಿಯರ್ ತಗೊಂಡು ಹೋಗ್ರಿ. ನಿಮ್ಮ ಓಣಿಯ ಐದು ಟ್ರ್ಯಾಕ್ಟರಿನ ಪಿನ್, ತೂತು ಅಳೆದು ಬರ್‍ಕೊಂಡು ಬರ್ರಿ, ಎಲ್ಲರ ಅಳತೆ ಕೂಡಿಸಿ ಪಟ್ಟಿ ಮಾಡೋಣ. ಸವೆದ ಪಿನ್ ಕಂಡರೆ ಮಾತ್ರ ಪಟ್ಟಿಗೆ ಕಾಯಬ್ಯಾಡ್ರಿ. ಮಾಲಕರಿಗೆ ಅಲ್ಲೇ, ಅವತ್ತೇ ಹೇಳ್ರಿ.